ಮೈಕಕ್ಕ ತಪ್ಪು ಟೀಮಿಗೆ ಕೂಗಿದ್ದು

ಫುಟ್‌ಬಾಲಿನಲ್ಲಿ ಗೋಲು ಹೊಡೆದವರ ಫೋಟೋ ಪೇಪರಿನಲ್ಲಿ ಬರುತ್ತದೆ. ಗೋಲು ತಡೆದವರದ್ದೂ ಒಮ್ಮೊಮ್ಮೆ ಬರುತ್ತದೆ. ನಡುವೆ ನಿಂತು ಆಟ ಮುಗಿಯುವ ತನಕ ಬೆವರು ಸುರಿಸಿದವರದ್ದು ಬರಬೇಕೆಂದರೆ ಅವರು ಯಾರಿಗಾದರೂ ಡಿಕ್ಕಿ ಹೊಡೆದು ಮೂಗು ಒಡೆದುಕೊಳ್ಳಬೇಕು. ಮೈಕಕ್ಕ ಅಂಥ ನಡುವಿನವಳು, ಮಿಡ್‌ಫೀಲ್ಡರ್. ಶಾಲೆ ಮುಗಿಯುವ ಮೊದಲೇ ಕ್ಲಬ್ ಸೇರಿದವಳು, ಆಟದ ಸಂಬಳದಲ್ಲೇ ಮನೆ ನಡೆಸಿದವಳು. ಮೂವತ್ತು ದಾಟಿದ್ದರೂ ಅವಳು ಹೊಡೆದ ಗೋಲುಗಳು ಬೆರಳೆಣಿಕೆಯಷ್ಟು. ಅದಕ್ಕೆ ಅವಳು ತಲೆ ಕೆಡಿಸಿಕೊಂಡವಳಲ್ಲ. ಅವಳ ಕಸುಬಿನ ಅರ್ಧ ಕಾಲಿನಲ್ಲಿದ್ದರೆ ಇನ್ನರ್ಧ ಗಂಟಲಿನಲ್ಲಿತ್ತು.

ವಿಷಯ ಹೀಗೆ. ಮಿಡ್‌ಫೀಲ್ಡರ್ ತನ್ನ ಕಡೆಯವರಿಂದ ಚೆಂಡು ತೆಗೆದುಕೊಳ್ಳುವಾಗ ಎದುರಾಳಿಗಳು ಅವಳ ಬೆನ್ನ ಹಿಂದೆ ಇರುತ್ತಾರೆ. ಯಾರಾದರೂ ನುಗ್ಗಿ ಬರುತ್ತಿದ್ದಾರೋ, ಜಾಗ ಖಾಲಿ ಇದೆಯೋ, ಅವಳಿಗೆ ಕಾಣುವುದಿಲ್ಲ. ನೋಡಿ ಹೇಳಬೇಕಾದವಳು ಪಕ್ಕದ ಜೊತೆಗಾತಿ. ಯಾರಾದರೂ ಬಂದರೆ ‘ಬಂದ್ಳು!’, ಯಾರೂ ಇಲ್ಲದಿದ್ದರೆ ‘ತಿರುಗು!’ ಅಷ್ಟೇ. ಆದರೆ ಅದು ಸರಿಯಾದ ಹೊತ್ತಿಗೆ, ಅಷ್ಟು ಗದ್ದಲದಲ್ಲೂ ಕಿವಿಗೆ ಬೀಳಬೇಕು. ಮೈಕಕ್ಕನ ಅಮ್ಮ ಬಸ್ ಕಂಡಕ್ಟರ್ ಆಗಿ ರಿಟೈರಾದವರು. ಬಾಗಿಲಲ್ಲಿ ನಿಂತು ‘ಒಳಗೆ ಹೋಗ್ರೀ’ ಅಂದರೆ ಹಿಂದಿನ ಬಸ್ಸಿನವರೂ ಒಳಗೆ ಸರಿಯುತ್ತಿದ್ದರು. ಆ ಗಂಟಲು ಮಗಳಿಗೆ ಹಾಗೇ ಬಂದಿತ್ತು, ಅಡ್ಡಹೆಸರೂ ಅದರಿಂದಲೇ ಬಂತು.

ಹಳೆಯ ಕ್ಲಬ್ಬಿನಲ್ಲಿ ಅವಳ ಜೊತೆಗಾತಿ ಲಂಬು. ಹೆಸರಿಗೆ ತಕ್ಕ ಎತ್ತರ. ಇಬ್ಬರೂ ವರ್ಷಗಟ್ಟಲೆ ಪಕ್ಕಪಕ್ಕದಲ್ಲಿ ಆಡಿದವರು, ಊರೂರು ಸುತ್ತುವಾಗ ಒಂದೇ ರೂಮಿನಲ್ಲಿ ಕಿಟಕಿ ಪಕ್ಕದ ಮಂಚಕ್ಕೆ ಕಿತ್ತಾಡಿದವರು. ಮೈಕಕ್ಕ ‘ತಿರುಗು’ ಅಂದರೆ ಲಂಬು ಹಿಂದುಮುಂದು ನೋಡದೆ ತಿರುಗುತ್ತಿದ್ದಳು. ಆಮೇಲೆ ಕ್ಲಬ್ಬಿಗೆ ಹೊಸ ಯಜಮಾನರು ಬಂದರು. ಟೀಮಿಗೆ ಹೊಸ ರಕ್ತ ಬೇಕು ಅಂದರು. ಲಂಬುವನ್ನು ಉಳಿಸಿಕೊಂಡು, ಮೈಕಕ್ಕನಂಥ ಹಳೆಯ ರಕ್ತಕ್ಕೆ ಒಂದು ಹೂಗುಚ್ಛ ಕೊಟ್ಟು, ಕೈ ಕುಲುಕಿ ಕಳಿಸಿದರು.

ನಗರದ ಇನ್ನೊಂದು ತುದಿಯ ಬಡಪಾಯಿ ಕ್ಲಬ್ಬೊಂದು ಸೀಸನ್ ಮುಗಿಯುವವರೆಗೆ ಅಂತ ಅವಳನ್ನು ಸೇರಿಸಿಕೊಂಡಿತು. ಅಲ್ಲಿನ ಡ್ರೆಸ್ಸಿಂಗ್ ರೂಮಿನ ಕಪಾಟುಗಳಿಗೆ ಬಾಗಿಲಿದ್ದರೆ ಚಿಲಕವಿಲ್ಲ, ಚಿಲಕವಿದ್ದರೆ ಬಾಗಿಲಿಲ್ಲ. ಮೊದಲ ದಿನ ಒಬ್ಬ ಹುಡುಗಿ ‘ಆಂಟಿ’ ಅನ್ನಲು ಹೋಗಿ ಅರ್ಧಕ್ಕೆ ನುಂಗಿಕೊಂಡಳು. ಅವಳೇ ಚೋಟಿ, ಹೊಸ ಜೊತೆಗಾತಿ. ಕೋಚ್ ಮೇಡಂ ಮಾತ್ರ ಸುತ್ತಿ ಬಳಸಿ ಹೇಳುವವರಲ್ಲ.

“ಸೀಸನ್ ಕೊನೇಲಿ ನೋಡೋಣ. ನೀವು ಇದ್ದಿದ್ದಕ್ಕೆ ಟೀಮಿಗೆ ಏನೋ ಸಿಕ್ತು ಅನ್ನಿಸಿದ್ರೆ ಇಟ್ಕೋತೀನಿ. ಇಲ್ಲಾಂದ್ರೆ ಇಲ್ಲ.”

ಇಲ್ಲಾಂದರೆ ಬೇರೆ ಯಾವ ಕ್ಲಬ್ಬೂ ಈ ವಯಸ್ಸಿನಲ್ಲಿ ಕರೆಯುವುದಿಲ್ಲ, ಆಟ ಅಲ್ಲಿಗೇ ಮುಗಿಯಿತು ಅಂತ ಮೈಕಕ್ಕನಿಗೂ ಗೊತ್ತಿತ್ತು. ಓಡಿದಳು, ಚೆಂಡು ಕಸಿದಳು, ಪಾಸ್ ಕೊಟ್ಟಳು. ಯಾರೂ ಬೆಟ್ಟು ಮಾಡಿ ತೋರಿಸುವ ಹಾಗಿರಲಿಲ್ಲ. ಆದರೆ ಬಾಯಿಗೆ ಬೀಗ ಬಿದ್ದಿತ್ತು. ಟೀವಿಯಲ್ಲಿ ಮ್ಯಾಚ್ ನೋಡಿದ ಅಮ್ಮ, “ಗಂಟಲು ಕೆಟ್ಟಿದ್ಯೇನೇ?” ಅಂತ ಕೇಳಿದರು. “ಹೊಸ ಜಾಗ ಅಮ್ಮ, ಅಭ್ಯಾಸ ಆಗ್ಬೇಕು,” ಅಂತ ಮಗಳು ಜಾರಿಕೊಂಡಳು.

ಸೀಸನ್ನಿನ ಕೊನೆಯ ಮ್ಯಾಚು ಹಳೆಯ ಕ್ಲಬ್ಬಿನ ಮೇಲೇ ಬಿತ್ತು. ಅಮ್ಮ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಆಟ ಕಾವೇರಿದ ಹೊತ್ತು ಲಂಬುವಿಗೆ ಒಂದು ಪಾಸ್ ಬಂತು. ಅವಳ ಬೆನ್ನು ಮೈಕಕ್ಕನ ಟೀಮಿನ ಕಡೆಗಿತ್ತು. ಹಿಂದಿನಿಂದ ಚೋಟಿ ಬಾಣದ ಹಾಗೆ ನುಗ್ಗಿದಳು. ಇನ್ನು ಎರಡು ಹೆಜ್ಜೆ, ಚೆಂಡು ಅವಳದ್ದೇ. ಆಗ ಇಡೀ ಮೈದಾನಕ್ಕೆ ಕೇಳುವ ಹಾಗೆ ಒಂದು ಕೂಗು ಬಂತು.

“ಬಂದ್ಳು!”

ಲಂಬು ಥಟ್ಟನೆ ಇನ್ನೊಂದು ಪಕ್ಕಕ್ಕೆ ಸರಿದಳು. ಚೋಟಿ ಬರೀ ಹುಲ್ಲಿನ ಮೇಲೆ ಜಾರಿಕೊಂಡು ಹೋದಳು. ಲಂಬು ಮುಂದಕ್ಕೆ ಕೊಟ್ಟ ಪಾಸು ನೇರ ಗೋಲಾಯಿತು.

ಕೂಗಿದ್ದು ತಾನೇ ಅಂತ ಮೈಕಕ್ಕನಿಗೆ ಹೊಳೆಯಲು ಒಂದು ಗಳಿಗೆ ಬೇಕಾಯಿತು. ಹೊಳೆದಾಗ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಲಂಬು ಅಂಗಿಯಿಂದ ಬಾಯಿ ಮುಚ್ಚಿಕೊಂಡು ನಗು ತಡೆಯುತ್ತಿದ್ದಳು. ಚೋಟಿ ನೆಲದ ಮೇಲೆ ಕೂತಲ್ಲಿಂದಲೇ ಕೇಳಿದಳು: “ಅಕ್ಕಾ, ನೀವು ಯಾರ ಕಡೆ?”

ಅರ್ಧ ಆಟ ಮುಗಿದು ಡ್ರೆಸ್ಸಿಂಗ್ ರೂಮಿಗೆ ಹೋದಾಗ ಗೋಲ್‌ಕೀಪರ್ ಗ್ಲವ್ಸ್ ಕಿತ್ತು ಬೆಂಚಿನ ಮೇಲೆ ಎಸೆದಳು. ಕೋಚ್ ಮೇಡಂ ಸೊಂಟದ ಮೇಲೆ ಕೈಯಿಟ್ಟು ನಿಂತರು.

“ನಿಮ್ಮ ಮೈಮೇಲಿರೋ ಅಂಗಿ ಬಣ್ಣ ಸ್ವಲ್ಪ ನೋಡ್ಕೊಳ್ಳಿ.”

“ಬಾಯಿ ತಪ್ಪಿ ಬಂತು ಮೇಡಂ.”

“ಅದು ಗೊತ್ತು. ನಿಮ್ಮನ್ನ ಕೂರಿಸ್ಲಾ, ಆಡಿಸ್ಲಾ, ಅದನ್ನ ಹೇಳಿ.”

ಅಷ್ಟರಲ್ಲಿ ಚೋಟಿ ಸಾಕ್ಸ್ ಕೆಳಗೆಳೆದಳು. ಮೀನಖಂಡದ ತುಂಬ ಕಂದಿದ ಗಾಯಗಳು, ಕೆಲವು ಹಳೆಯವು, ಕೆಲವು ಮೊನ್ನೆಯವು.

“ಇವರು ಹಾಗೆ ಕೂಗ್ತಾರೆ ಅನ್ನೋದೇ ನನಗೆ ಗೊತ್ತಿರ್ಲಿಲ್ಲ ಮೇಡಂ. ಎದುರಿನ ಟೀಮಿನವರು ಹಿಂದಿಂದ ಬಂದು ಬಂದು ಒದ್ದಿದಾರೆ ನನಗೆ. ಅಕ್ಕಾ, ಒಂದ್ ಸಲನಾದ್ರೂ ನನಗೆ ಹೇಳಿದ್ರಾ?”

ಕೋಚ್ ಬೈದದ್ದು ನಾಟಿರಲಿಲ್ಲ, ಇದು ನಾಟಿತು. ಹೂಗುಚ್ಛ ಕೊಟ್ಟು ಹೊರಗೆ ಕಳಿಸಿದವರ ಮೇಲಿನ ಮುನಿಸನ್ನು ತಾನು ಇಲ್ಲಿ ಮೌನವಾಗಿ ಸಾಧಿಸಿದ್ದಳು, ಏಟು ಈ ಹುಡುಗಿಯ ಕಾಲಿಗೆ ಬಿದ್ದಿತ್ತು. ಮೈಕಕ್ಕನಿಗೆ ನಾಚಿಕೆಯಾಯಿತು, ಕಣ್ಣೂ ತುಂಬಿತು.

“ತಪ್ಪಾಯ್ತು ಕಣೇ,” ಅಂದಳು. ಆಮೇಲೆ ಮೇಡಂ ಕಡೆ ತಿರುಗಿ, “ಆಡಿಸಿ,” ಅಂದಳು.

ಎರಡನೇ ಅರ್ಧದಲ್ಲಿ ಬೀಗ ಕಿತ್ತುಹೋಯಿತು. ‘ಬಂದ್ಳು!’, ‘ತಿರುಗು!’, ‘ಎಡಕ್ಕೆ!’, ‘ಬಿಡು, ಬಿಡು!’ ರೆಫ್ರಿ ಎರಡು ಸಲ ತಿರುಗಿ ನೋಡಿದರು. ಚೋಟಿ ಮೊದಮೊದಲು ನಂಬಲಿಲ್ಲ. ‘ತಿರುಗು’ ಅಂದಾಗ ಹೌದೋ ಅಲ್ಲವೋ ಅಂತ ಹಿಂದೆ ನೋಡಲು ಹೋಗಿ ಚೆಂಡು ಕಳೆದುಕೊಂಡಳು. ಮೈಕಕ್ಕ ಬೈಯಲಿಲ್ಲ, ಮತ್ತೆ ಕೂಗಿದಳು. ಆಟ ಮುಗಿಯುತ್ತ ಬಂದಾಗ ಚೋಟಿಯ ಕಾಲಿಗೆ ಇನ್ನೊಂದು ಪಾಸ್ ಬಂತು. “ತಿರುಗು!” ಈ ಸಲ ಅವಳು ನೋಡಲಿಲ್ಲ, ತಿರುಗಿಯೇಬಿಟ್ಟಳು. ಎದುರಿಗೆ ಮೈದಾನ ಖಾಲಿ. ಓಡಿ ಮುಂದಿನವಳಿಗೆ ಕೊಟ್ಟಳು, ಗೋಲು. ಮ್ಯಾಚು ಸಮ.

ಆಟ ಮುಗಿದ ಮೇಲೆ ಲಂಬು ಬಂದು ಮೈಕಕ್ಕನನ್ನು ತಬ್ಬಿಕೊಂಡು ಕಿವಿಯಲ್ಲಿ ಆಕ್ಷೇಪಣೆ ಸಲ್ಲಿಸಿದಳು: “ಸೆಕೆಂಡ್ ಹಾಫಲ್ಲಿ ನನಗೆ ಯಾಕೆ ಹೇಳ್ಲಿಲ್ಲ?” ಅಮ್ಮ ಬೇಲಿಯಾಚೆಯಿಂದ ಸಮಾಧಾನ ಹೇಳಿದರು. “ರೂಟ್ ಬದಲಾದಾಗ ನಾನೂ ಹಳೇ ಸ್ಟಾಪಿನ ಹೆಸರೇ ಕೂಗ್ತಿದ್ದೆ ಕಣೇ. ಜನ ಬೈಕೊಂಡು ಇಳಿದು ವಾಪಸ್ ಹತ್ತೋರು.”

ಆಗ ಕೋಚ್ ಮೇಡಂ ಬಂದರು. ಬೈಯಲು ಬಂದವರಂತೆಯೇ ಮುಖ ಇತ್ತು, ಅವರ ಮುಖವೇ ಹಾಗೆ.

“ಮುಂದಿನ ಸೀಸನ್‌ಗೂ ಇರ್ತೀರಾ?”

ಮೈಕಕ್ಕ ಬಾಯಿ ತೆರೆದಳು. ಗಾಳಿ ಬಂತು, ಸ್ವರ ಬರಲಿಲ್ಲ. ಕೂಗಿ ಕೂಗಿ ಗಂಟಲು ಪೂರ್ತಿ ಕಟ್ಟಿಹೋಗಿತ್ತು. ಅವಳ ಬೆನ್ನ ಹಿಂದಿನಿಂದ, ಕಿವಿ ಗುಂಯ್ ಅನ್ನುವ ಹಾಗೆ ಚೋಟಿ ಕಿರುಚಿದಳು.

“ಇರ್ತಾರೆ!”

“ನಿನ್ನನ್ನ ಕೇಳ್ಲಿಲ್ಲ,” ಅಂದರು ಮೇಡಂ.

“ಅವರಿಗೆ ಗಂಟಲಿಲ್ಲ ಮೇಡಂ. ಅದಕ್ಕೆ ನಾನು ಕೂಗ್ದೆ.”