ಮಿಣಿಯ ಮೇಲೆ ಚಿಮುಕಿಸಿದ ನೀರು

ವಿಜಯಪುರದ ನಮ್ಮ ಪಕ್ಕದ ಮನೆಯಲ್ಲಿ ಬಾಡಿಗೆಗಿರುವ ಹುಡುಗಿ ಕಾಲೇಜಿನಲ್ಲಿ ಇಂಗ್ಲಿಷ್ ಓದುತ್ತಾಳೆ. ನಮ್ಮ ಯಜಮಾನರು ತೀರಿಹೋಗಿ ಮೂರು ವರ್ಷವಾಯಿತು. ಆಮೇಲೆ ಸಂಜೆ ಹೊತ್ತು ನನ್ನ ಕಟ್ಟೆಗೆ ಬಂದು ಕೂಡುವವಳು ಅವಳೊಬ್ಬಳೇ. ಅದೂ ಅವಳ ರೂಮಿನಲ್ಲಿ ಕರೆಂಟು ಹೋದಾಗ. ಇರಲಿ, ಕರೆಂಟು ಆಗಾಗ ಹೋಗುತ್ತದಲ್ಲ, ಅಷ್ಟಾದರೂ ಶಿವನ ದಯೆ.

ಹೋದ ಶ್ರಾವಣದಲ್ಲಿ ಹಾಗೇ ಪುಸ್ತಕ ಹಿಡಿದು ಬಂದಳು. "ಆಯಿ, ಕಾರ್ಡ್‌ವೇನ್ ಅಂದ್ರ ತೊಗಲಂತ ನೋಡ್ರಿ. ಸ್ಪೇನ್ ದೇಶದಾಗ ಕಾರ್ಡೋಬಾ ಅಂತ ಊರೈತಿ. ಅಲ್ಲಿ ಆಡಿನ ತೊಗಲು ಭಾಳ ಮೆತ್ತಗ ಹದಾ ಮಾಡ್ತಿದ್ರಂತ. ಊರಿನ ಹೆಸರೇ ತೊಗಲಿಗೆ ಬಂತು. ಸಾಹುಕಾರರ ಬೂಟೆಲ್ಲಾ ಅದರಾಗೇ. ಈಗ ಆ ಶಬ್ದ ಯಾರೂ ಅನ್ನೂದಿಲ್ಲ."

"ನಿನಗ ಮಿಣಿ ಗೊತ್ತೈತೇನು?" ಅಂದೆ.

"ಇಲ್ರಿ. ಅದೂ ಇಂಗ್ಲಿಷಾ?"

ನಗು ಬಂತು. ಮಿಣಿ ಅಂದರೆ ತೊಗಲಿನ ಹಗ್ಗ ಎಂದು ಹೇಳಿದೆ. ತಿಕೋಟಾದಲ್ಲಿ ನಮ್ಮ ಅಪ್ಪ ಎರಡೆತ್ತು ಕಟ್ಟಿ ಬಾವಿಯಿಂದ ನೀರೆತ್ತುತ್ತಿದ್ದದ್ದು ಮಿಣಿಯಿಂದಲೇ. ನೊಗ ಬಿಗಿಯಲು ಅದೇ, ಹೊರೆ ಕಟ್ಟಲು ಅದೇ. ನಮ್ಮ ತೊಗಲಿಗೆ ದೂರದ ಊರಿನ ಹೆಸರಿರಲಿಲ್ಲ. ನಮ್ಮ ಕೊಟ್ಟಿಗೆಯಲ್ಲೇ ಎತ್ತು ಸತ್ತಾಗ ತೊಗಲಿನ ಕೆಲಸದವನು ಬಂದು ಒಯ್ಯುತ್ತಿದ್ದ. ಸುಣ್ಣದಲ್ಲಿ, ತಂಗಡಿ ಗಿಡದ ತೊಗಟೆಯ ನೀರಿನಲ್ಲಿ ಹದ ಮಾಡಿ, ಸೀಳಿ, ಹೊಸೆದು, ಸುಗ್ಗಿಗೆ ಮುಂಚೆ ಮಿಣಿ ಮಾಡಿ ತಂದುಕೊಡುತ್ತಿದ್ದ. ಹನ್ನೆರಡು ವರ್ಷ ಬಾವಿಯ ನೀರು ಎಳೆದ ಎತ್ತು ಮಿಣಿಯಾಗಿ ಬಂದು ಮತ್ತೆ ಅದೇ ಬಾವಿಯ ನೀರು ಎಳೆಯುತ್ತಿತ್ತು.

ಕರೆಂಟು ಬಂತು, ಹುಡುಗಿ ಎದ್ದು ಹೋದಳು. ಅವಳಿಗೆ ಹೇಳದೆ ಬಿಟ್ಟ ಮಾತೊಂದಿತ್ತು.

ಅವನು ತಂದ ಮಿಣಿಯನ್ನು ನಮ್ಮ ಅಜ್ಜಿ ಕೈಯಿಂದ ಕೈಗೆ ತೆಗೆದುಕೊಳ್ಳುತ್ತಿರಲಿಲ್ಲ. ಅಂಗಳದಲ್ಲಿ ಇಡಿಸಿ, ತಂಬಿಗೆಯ ನೀರು ಚಿಮುಕಿಸಿ, ಆಮೇಲೆ ಒಳಗೆ ತರುತ್ತಿದ್ದಳು. ಕೊರಳಲ್ಲಿ ಲಿಂಗ, ಬಾಯಲ್ಲಿ ಶರಣರ ಮಾತು. ಅವನು ಮಾಡಿದ ಮಿಣಿಯಿಂದ ಎತ್ತಿದ ನೀರನ್ನೇ ಅವನು ಮಾಡಿದ ಮಿಣಿಗೆ ಚಿಮುಕಿಸುತ್ತಿದ್ದಳು. ಅದು ಯಾರಿಗೂ ವಿಚಿತ್ರ ಅನಿಸಲಿಲ್ಲ, ನನಗೂ.

ಅವನಿಗೆ ನನ್ನ ಓರಿಗೆಯ ಮಗಳಿದ್ದಳು. ಹೊಲದಲ್ಲಿ ಇಬ್ಬರೂ ಕೂಡಿ ಆಡುತ್ತಿದ್ದೆವು. ಒಂದು ಪಂಚಮಿಗೆ ನನ್ನ ಕಾಲಿಗೆಂದು ಸಣ್ಣ ಕೆರ ತಂದಳು. ಅಪ್ಪ ಕತ್ತರಿಸಿದ ತೊಗಲಿಗೆ ಅವಳೇ ತೂತು ಹೊಡೆದು ಬಾರು ಹಾಕಿದ್ದಳು. ಅಜ್ಜಿ ಮನೆಯಲ್ಲಿರಲಿಲ್ಲ. ನನಗೆ ದೊಡ್ಡವಳಾಗುವ ಹುಕಿ. ಸೆರಗಿನಂತೆ ಟವೆಲು ಹೊದ್ದು, "ಅಲ್ಲೇ ಇಡು" ಎಂದು ತಂಬಿಗೆ ತಂದು, ಆಕೆಯ ಎದುರಿಗೇ ಕೆರಕ್ಕೆ ನೀರು ಹಾಕಿದೆ. ಅಜ್ಜಿಯಂತೆ ಚಿಮುಕಿಸಲು ಬರದೆ ತಂಬಿಗೆ ಪೂರಾ ಸುರಿದೆ.

"ಅಯ್ಯ, ತೊಗಲಿಗೆ ಕಲಿ ಬೀಳತೈತಿ ಬೇ! ನಾ ಎಣ್ಣಿ ಹಚ್ಚಿ ತಂದೀನಿ," ಅಂದಳು. ಮತ್ತೆ ಅವಳು ನಮ್ಮ ಹೊಲಕ್ಕೆ ಆಡಲು ಬರಲಿಲ್ಲ.

ಹುಡುಗಿ ಎದ್ದು ಹೋದ ಆ ರಾತ್ರಿ ಪೂಜೆಗೆ ಕುಳಿತರೆ ಮನಸ್ಸು ನಿಲ್ಲಲಿಲ್ಲ. ಜೀವ ಇರುವಷ್ಟರಲ್ಲಿ ಕೆರ ತಂದವಳ ಹತ್ತಿರ ಒಂದು ಮಾತು ಕೇಳಿಕೊಳ್ಳಬೇಕು, ಆಕೆ ಕ್ಷಮಿಸಿದರೆ ಸಾಕು ಅನಿಸಿತು. ತಿಕೋಟಾದ ತಮ್ಮನಿಗೆ ಫೋನು ಮಾಡಿದೆ. ಆಕೆಯನ್ನು ಬಬಲೇಶ್ವರಕ್ಕೆ ಕೊಟ್ಟಿದ್ದರು, ಅಲ್ಲೇ ಮಗಳ ಜೊತೆ ಇದ್ದಾಳೆ ಎಂದ. ಸೋಮವಾರ ಬಸ್ಸು ಹತ್ತಿದೆ. ಕಿಟಕಿ ಪಕ್ಕ ಸೀಟು ಸಿಕ್ಕಿತು. ದೇವರು ಹೂಂ ಅಂದಂತಾಯಿತು.

ಆಕೆ ಬಾಗಿಲಲ್ಲೇ ಗುರುತು ಹಿಡಿದಳು. "ಏನ್ರಿ ಗೌಡಶ್ಯಾನಿ, ದಾರಿ ತಪ್ಪಿ ಬಂದ್ರಿ ಏನು?"

ಕುಳಿತೆ. ಕೆರದ ಸಂಗತಿ ಪೂರಾ ಹೇಳಿದೆ. "ನಂದ ತಪ್ಪಾತು, ಹೊಟ್ಟ್ಯಾಗ ಹಾಕ್ಕೋ" ಅಂದೆ.

"ಯಾವ ಕೆರ?" ಅಂದಳು. ಆಕೆಗೆ ನಿಜವಾಗಿಯೂ ನೆನಪಿರಲಿಲ್ಲ. "ಊರಿಗೆ ಊರೇ ನೀರ ಹಾಕ್ತಿತ್ತು. ಅದರಾಗ ನಿಂದೊಂದ ತಂಬಿಗಿ ಬ್ಯಾರೆ ಇಟ್ಟು ನೆನಪಿಡ್ಲಿ ಏನು ನಾ?"

"ಮತ್ತ ಆಡಾಕ ಬರೂದ ಬಿಟ್ಟೆಲ್ಲ?"

"ಅವ್ವ ಕೂಲಿಗೆ ಕರಕೊಂಡು ಹೋಗ್ತಿದ್ಲು. ಆಡಾಕ ಪುರಸೊತ್ತು ಎಲ್ಲಿತ್ತು?"

ಹಗುರಾಗಬೇಕಿತ್ತು, ಆಗಲಿಲ್ಲ. ಇಷ್ಟು ವರ್ಷ ಆಕೆಯ ಮನಸ್ಸಿನಲ್ಲಿ ಬೈಗುಳವಾಗಿಯಾದರೂ ಇದ್ದೇನೆ ಅಂದುಕೊಂಡಿದ್ದೆ. ಅಲ್ಲಿ ನಾನು ಇರಲೇ ಇಲ್ಲ. ಕಣ್ಣಲ್ಲಿ ನೀರು ಬಂತು, ನಾಚಿಕೆಯೂ ಆಯಿತು.

ಆಕೆಗೆ ಒಣದ್ರಾಕ್ಷಿ ಆರಿಸುವ ಕೆಲಸಕ್ಕೆ ಹೋಗುವ ಹೊತ್ತಾಗಿತ್ತು. ತಲೆಗೆ ವಸ್ತ್ರ ಸುತ್ತುತ್ತಾ ಕೇಳಿದಳು: "ಖರೇ ಹೇಳು. ಇದಕ್ಕಂತ ಬಂದ್ಯಾ?"

"ಮನ್ಯಾಗ ಮಾತಾಡಾಕ ಯಾರೂ ಇಲ್ಲ" ಅಂದೆ. ಹೇಳಬೇಕೆಂದು ಹೋದ ಮಾತಲ್ಲ ಅದು.

"ಹಂಗನ್ನು ಮತ್ತ! ಮಾತಾಡಾಕ ಬರತಿದ್ರ ಬಾ. ಮಾಫಿ ಕೇಳಾಕ ಬರಬ್ಯಾಡ, ಅದನ್ನ ಕೇಳ್ಕೋಂತ ಕೂತ್ರ ನನ್ನ ಕೂಲಿ ಹೋಗ್ತೈತಿ."

ಮುಂದಿನ ವಾರ ಮೊಣಕಾಲು ನೋವು, ಹೋಗಲಾಗಲಿಲ್ಲ. ಅದರ ಮುಂದಿನ ವಾರ ಹೋದೆ. ಆಕೆ ಕೆಲಸಕ್ಕೆ ಹೋಗಿದ್ದಳು. ಮಗಳು ಚಾಪೆ ಹಾಸಿ ತನ್ನ ಕೆಲಸಕ್ಕೆ ಎದ್ದಳು. ಎರಡು ತಾಸು ಕುಳಿತೆ. ನನ್ನ ಮನೆಯಲ್ಲಿ ನಾನು ಕಾದು ಕುಳಿತರೂ ಯಾರೂ ಬರುವವರಿಲ್ಲ. ಇಲ್ಲಿ ಒಬ್ಬರು ಬರುವವರಿದ್ದರು.

ಬಂದವಳು ನಗಲಿಲ್ಲ. ಊಟದ ಡಬ್ಬಿ ಇಳಿಸಿ, ಕಾಲು ಚಾಚಿ ನನ್ನ ಪಕ್ಕ ಕುಳಿತಳು.

"ಹೂಂ, ಹೇಳು. ಈ ವಾರ ಏನೇನಾತು?"