ನೆಲ ಬಿಟ್ಟ ವೈರು

ಎಪ್ಪತ್ತರ ದಶಕದಲ್ಲಿ ಸೇಲಂನ ನಮ್ಮ ಪಕ್ಕದ ಮನೆಯ ನೇಕಾರನ ಬಳಿ ರೆಕಾರ್ಡ್ ಪ್ಲೇಯರ್ ಇತ್ತು. ಹಾಡು ಮಂಕಾಗಿ ಕೇಳುತ್ತದೆ ಎಂದು ಅವನ ತಾಯಿ ಒಮ್ಮೆ ಹೇಳಿದ್ದಳು. ಸ್ಪೀಕರಿನ ವೈರು ನೆಲಕ್ಕೆ ತಾಗುವುದೇ ಕಾರಣವೆಂದು ನಂಬಿ, ಅವನು ಅದನ್ನು ಮಗ್ಗದ ನೂಲು ಸುತ್ತುವ ಖಾಲಿ ಕಂಡಿಕೆಗಳ ಮೇಲೆ ಎತ್ತಿ ಕೂರಿಸಿದ. ದಿನವೂ ಅವನ್ನು ಅತ್ತಿತ್ತ ಸರಿಸಿ, "ಈಗ ಕೇಳವ್ವಾ, ಮಂಕಿಲ್ದೆ ತೆಳಿವಾ ಐತಾ?" ಎನ್ನುತ್ತಿದ್ದ. ಅವಳು ತಲೆದೂಗುತ್ತಿದ್ದಳು.

ಒಂದು ಮಧ್ಯಾಹ್ನ ನಾನು ಅಲ್ಲಿದ್ದಾಗಲೇ ಕರೆಂಟ್ ಹೋಗಿ ಹಾಡು ನಿಂತಿತು. ವೈರಿನ ಬಳಿ ಮಂಡಿಯೂರಿದ್ದ ಮಗನ ಮುಖವನ್ನೇ ನೋಡುತ್ತ ಅವಳು, "ಈಗ ಬೋ ಚೆನ್ನಾಗೈತೆ ಕಣಪ್ಪ," ಎಂದಳು.

ಅವನು ನಿಂತುಹೋದ ರೆಕಾರ್ಡನ್ನೊಮ್ಮೆ, ಅವ್ವನನ್ನೊಮ್ಮೆ ನೋಡಿದ. ಆಮೇಲೆ ನನ್ನತ್ತ ಬಾಗಿ, "ಕರೆಂಟ್ ಓಗೈತೆ ಅಂತ ಅವ್ವಂಗೆ ಏಳ್ಬೇಡಕ್ಕಾ," ಎಂದು ಪಿಸುಗುಟ್ಟಿದ. ಅಷ್ಟು ಮೆಲ್ಲಗೆ ಹೇಳಬೇಕಾಗಿರಲಿಲ್ಲ.