ಐದನೇ ರೀಲಿನ ಮೌನ

೧೯೯೭ರಲ್ಲಿ ನಾನು ಹಲಸೂರಿನ ಒಂದು ಚಿತ್ರಮಂದಿರದಲ್ಲಿ ಆಪರೇಟರ್ ಆಗಿದ್ದೆ. ಪ್ರೊಜೆಕ್ಟರ್ ನಡೆಸುವವನಿಗೆ ನಮ್ಮ ಕಸುಬಿನಲ್ಲಿ ಇರುವ ಹೆಸರು ಅದು. ಏಳನೇ ತರಗತಿಗೇ ಶಾಲೆ ಬಿಟ್ಟವನು ನಾನು. ಲೈಸೆನ್ಸ್ ಪರೀಕ್ಷೆಗೆ ಬೇಕಾದ ವಿದ್ಯುತ್ತು, ಬೆಳಕು, ಧ್ವನಿಗಳ ಶಾಸ್ತ್ರವನ್ನು ಹಳೆಯ ಪುಸ್ತಕಗಳಿಂದ ನನ್ನಷ್ಟಕ್ಕೆ ಕಲಿತೆ. ಆ ಕಲಿಕೆಯ ಜೊತೆಗೇ ಒಂದು ಹಟವೂ ಅಂಟಿಕೊಂಡಿತು: ಯಾರು ಏನೇ ಹೇಳಲಿ, ನಾನೇ ಬಿಚ್ಚಿ ನೋಡದೆ ಒಪ್ಪುವುದಿಲ್ಲ. ಬಿಡುಗಡೆಯಲ್ಲಿ ಸೋತ ಕೆಲವು ವೈಜ್ಞಾನಿಕ ಚಿತ್ರಗಳು ಮುಂದೆ ಒಂದು ಗುಂಪಿನ ಕಣ್ಮಣಿಯಾಗುವುದೇಕೆ ಎಂಬ ಬಗ್ಗೆ ಆಗಾಗ ಲೇಖನಗಳು ಬರುತ್ತವೆ. ಅವು ತಮ್ಮ ಕಾಲಕ್ಕಿಂತ ಮುಂದಿದ್ದವು ಎಂಬುದೇ ಎಲ್ಲರ ಉತ್ತರ. ಅಂಥದೊಂದು ಚಿತ್ರವನ್ನು ಎರಡು ವರ್ಷಕ್ಕೂ ಮಿಕ್ಕಿ ಓಡಿಸಿದ ನನಗೆ ಈ ಉತ್ತರದಲ್ಲಿ ನಂಬಿಕೆಯಿಲ್ಲ.

ಅದು ಇಂಗ್ಲಿಷ್ ಚಿತ್ರ. ಅದರ ನಿಜವಾದ ಹೆಸರು ನಮ್ಮ ಪ್ರೇಕ್ಷಕರ ನಾಲಿಗೆಗೆ ಹತ್ತಲಿಲ್ಲ. ಅಂತರಿಕ್ಷ ನೌಕೆ ಬೋರಲು ಹಾಕಿದ ಕೊಡಪಾನದಂತಿದ್ದುದರಿಂದ ಎಲ್ಲರೂ ಅದನ್ನು ‘ಕೊಡಪಾನ’ ಎಂದೇ ಕರೆದರು. ನೀರಿಲ್ಲದ ಗ್ರಹದಲ್ಲಿ ನೌಕೆ ಕೆಟ್ಟು ನಿಲ್ಲುತ್ತದೆ. ಉಳಿದಿರುವ ನೀರನ್ನು ಹಂಚುವ ಅಧಿಕಾರ ಒಂದು ಯಂತ್ರಮಾನವನದು. ಪ್ರಯಾಣಿಕರು ಪಾತ್ರೆ ಹಿಡಿದು ಅದರ ಮುಂದೆ ಸಾಲುಗಟ್ಟುತ್ತಾರೆ. ಭಾನುವಾರದ ಬೆಳಗಿನ ಆಟಕ್ಕೆ ಅಗ್ಗದಲ್ಲಿ ಸಿಕ್ಕಿತೆಂದು ಸವೆದ ಪ್ರಿಂಟೊಂದನ್ನು ತರಿಸಿದ್ದರು.

ಚಿತ್ರದ ಧ್ವನಿಯು ಫಿಲ್ಮಿನ ಒಂದು ಅಂಚಿನಲ್ಲಿ ಸಣ್ಣ ಗೆರೆಯಾಗಿ ಅಚ್ಚಾಗಿರುತ್ತದೆ. ಆ ಗೆರೆಯ ಮೂಲಕ ಹಾಯುವ ಬೆಳಕು ಮುಂದೆ ಶಬ್ದವಾಗುತ್ತದೆ. ಗೆರೆ ಗೀಚಿಹೋದರೆ ಕೇಳಿಬರುವುದು ಕಿವಿ ಹರಿಯುವ ಕರಕರ ಮಾತ್ರ. ನಮ್ಮ ಪ್ರಿಂಟಿನ ಐದನೇ ರೀಲಿನಲ್ಲಿ, ಸರಿಯಾಗಿ ಆ ನೀರಿನ ಸಾಲಿನ ದೃಶ್ಯದಲ್ಲೇ, ಗೆರೆ ಹಾಳಾಗಿತ್ತು. ನಾನು ಫೇಡರ್, ಎಂದರೆ ಶಬ್ದ ಏರಿಳಿಸುವ ಗುಂಡಿ, ತಿರುಗಿಸಿ ಸದ್ದನ್ನು ಪೂರ್ತಿ ಇಳಿಸಿಬಿಟ್ಟೆ.

ಮೊದಲ ವಾರ ಸಿಳ್ಳೆಗಳು ಎದ್ದವು. “ಸೌಂಡ್! ಏ ಆಪರೇಟರ್, ಮಲಗ್ಬಿಟ್ಯಾ?” ಎಂದು ಯಾರೋ ಕೂಗಿದರು. ಅಷ್ಟರಲ್ಲಿ ಪರದೆಯ ಮೇಲೆ ಒಬ್ಬ ಹೆಂಗಸಿನ ಸರದಿಯನ್ನು ಯಂತ್ರಮಾನವ ಬಿಟ್ಟು ಮುಂದೆ ಹೋಯಿತು. ಹಲಸೂರು ಮಾರುಕಟ್ಟೆಯಲ್ಲಿ ಸೊಪ್ಪು ಮಾರುವ ಸರೋಜಮ್ಮ ಕುಳಿತಲ್ಲಿಂದಲೇ ಆ ಹೆಂಗಸಿನ ಪರವಾಗಿ ಬಾಯಿಬಿಟ್ಟಳು:

“ಏ ತಗಡು! ಬೆಳಿಗ್ಗೆ ನಾಲ್ಕಕ್ಕೇ ಬಂದು ಕಲ್ಲಿಟ್ಟು ಹೋಗಿದೀನಿ ಕಣೋ. ನನ್ ಕಲ್ಲು ಎತ್ತಿ ಬಿಸಾಕಿದ್ಯಾರೋ?”

ಬೀದಿ ನಲ್ಲಿಗೆ ದಿನ ಬಿಟ್ಟು ದಿನ ನೀರು ಬರುತ್ತಿದ್ದ ಕಾಲ ಅದು. ಕೊಡದ ಬದಲು ಕಲ್ಲಿಟ್ಟು ಸರದಿ ಕಾಯ್ದುಕೊಳ್ಳುವುದು ಅಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ಶಿವಾಜಿನಗರದಿಂದ ಬರುತ್ತಿದ್ದ ಮೆಕ್ಯಾನಿಕ್ ಜಬ್ಬಾರ್ ಮೂಗಿನಲ್ಲಿ ಯಂತ್ರದ ದನಿ ತೆಗೆದು, “ಪಾನಿ ಖತಮ್, ಅಮ್ಮಾ! ಕಲ್ ಆವೋ!” ಎಂದ; ನೀರು ಮುಗಿಯಿತು, ನಾಳೆ ಬಾ ಎಂದು. ಮಂದಿರವೇ ಎದ್ದು ನಗತೊಡಗಿತು. ಅಂದಿನಿಂದ ಪ್ರತಿ ಭಾನುವಾರ ಆ ದೃಶ್ಯಕ್ಕೆ ಹೊಸ ಮಾತು, ಹೊಸ ಜಗಳ. ಕೆ.ಆರ್. ಪುರದಿಂದಲೂ ಬಸ್ಸು ಹಿಡಿದು ಜನ ಬಂದರು. ವಾರವಾರವೂ ಹೌಸ್‌ಫುಲ್ ಬೋರ್ಡು ಬಿತ್ತು.

ಈ ಸುದ್ದಿ ಕೇಳಿ ಇಂದಿರಾನಗರದಿಂದ ಒಬ್ಬ ಚಿತ್ರಪ್ರೇಮಿ ಮಹನೀಯರು ಬಂದರು. ಇದು ಮನುಷ್ಯನಿಗೂ ಯಂತ್ರಕ್ಕೂ ಇರುವ ಸಂಬಂಧದ ತತ್ತ್ವಚಿಂತನೆ, ಐದನೇ ರೀಲಿನ ಸಂಭಾಷಣೆಯೇ ಅದರ ತಿರುಳು ಎಂದು ನಮ್ಮ ಮ್ಯಾನೇಜರಿಗೆ ಮನದಟ್ಟು ಮಾಡಿದರು. ತಿರುಳು ಕೇಳಿಸದೆಯೇ ಇಷ್ಟು ಜನ, ಕೇಳಿಸಿದರೆ ಇನ್ನೆಷ್ಟೋ ಎಂದು ಲೆಕ್ಕ ಹಾಕಿದ ಮ್ಯಾನೇಜರು ಹೊಸ ಪ್ರಿಂಟ್ ತರಿಸಿದರು. ಹಳೆಯದನ್ನು ವಿತರಕರು ಕತ್ತರಿಸಿ ಗುಜರಿಗೆ ಹಾಕಿದರು.

ಹೊಸ ಪ್ರಿಂಟಿನಲ್ಲಿ ಯಂತ್ರಮಾನವ ಸ್ಪಷ್ಟವಾದ ಇಂಗ್ಲಿಷಿನಲ್ಲಿ ಮಾತನಾಡಿತು. “ಅಯ್ಯೋ, ಇವನಿಗೆ ಬಾಯಿ ಬಂದ್ಬಿಡ್ತು!” ಎಂದು ಸರೋಜಮ್ಮ ಒಮ್ಮೆ ನಗಿಸಿದಳು, ಅಷ್ಟೇ. ಮುಂದಿನ ವಾರಗಳಲ್ಲಿ ಬೆಂಚುಗಳು ಬರಿದಾಗುತ್ತ ಹೋದವು. ಕೊನೆಗೆ ಬೆಳಗಿನ ಆಟವನ್ನೇ ನಿಲ್ಲಿಸುವುದಾಗಿ ಮ್ಯಾನೇಜರು ಹೇಳಿದರು. ಆ ಆಟ ನಿಂತರೆ ಇಬ್ಬರು ಆಪರೇಟರುಗಳ ಅಗತ್ಯವಿರಲಿಲ್ಲ. ಹೋಗಬೇಕಾದವರು ನನ್ನ ಜೊತೆಯ ವಯಸ್ಸಾದ ಆಪರೇಟರ್ ಆರೋಗ್ಯಸ್ವಾಮಿ. ಫಿಲ್ಮಿಗೆ ಬೆರಳಿನ ಗುರುತು ಬೀಳದಂತೆ ಹಿಡಿಯುವುದನ್ನು ನನಗೆ ಕಲಿಸಿದವರು ಅವರು. ನಿವೃತ್ತಿಗೆ ಎರಡೇ ವರ್ಷ ಉಳಿದಿತ್ತು. ಆ ವಯಸ್ಸಿನವರನ್ನು ಇನ್ನಾವ ಚಿತ್ರಮಂದಿರವೂ ಸೇರಿಸಿಕೊಳ್ಳುತ್ತಿರಲಿಲ್ಲ.

ನಾನು ಮ್ಯಾನೇಜರ ಕೋಣೆಗೆ ಹೋದೆ.

“ಸಾರ್, ಭಾನುವಾರ ಐದನೇ ರೀಲಲ್ಲಿ ಫೇಡರ್ ಇಳಿಸ್ತೀನಿ.”

“ಏನ್ರೀ, ತಲೆ ನೆಟ್ಟಗಿದ್ಯಾ? ಚೆನ್ನಾಗಿರೋ ಸೌಂಡನ್ನ ಕೈಯಾರೆ ಕೆಡಿಸ್ತೀರಾ? ಜನ ಸೀಟ್ ಹರಿದು ಹಾಕ್ತಾರೆ.”

“ಹರಿದ್ರೆ ನಾನೇ ಹೊಲಿದು ಕೊಡ್ತೀನಿ.”

“ಹೊಲಿಗೆ ಬೇರೆ ಬರತ್ತೋ ನಿಮಗೆ?”

“ಇಲ್ಲ ಸಾರ್. ಕಲೀತೀನಿ.”

ಅವರು ನಕ್ಕುಬಿಟ್ಟರು. ಒಂದು ಭಾನುವಾರ ಸಿಕ್ಕಿತು.

ಶನಿವಾರ ಮಾರುಕಟ್ಟೆಗೆ ಹೋಗಿ, ನಾಳೆ ಎಲ್ಲರನ್ನೂ ಕರೆದುಕೊಂಡು ಬರುವಂತೆ ಸರೋಜಮ್ಮನನ್ನು ಕೇಳಿದೆ. ಫೇಡರಿನ ವಿಷಯ ಹೇಳಲಿಲ್ಲ. ಹೇಳಿಕೊಟ್ಟು ಮಾಡಿಸಿದರೆ ಅದು ಪರೀಕ್ಷೆಯಾಗುವುದಿಲ್ಲ. “ಆ ಬಾಯಿಬಡುಕ ತಗಡನ್ನ ನೋಡಕ್ಕಾ? ಹೋಗಣ್ಣ, ಅಷ್ಟೊತ್ತಿಗೆ ಎರಡು ಕಟ್ಟು ಮೆಂತ್ಯ ಮಾರ್ಕೋತೀನಿ,” ಎಂದಳು. ಆದರೂ ಬಂದಳು. ಜಬ್ಬಾರನನ್ನೂ ಬಿಡದೆ ಕರೆತಂದಳು.

ಐದನೇ ರೀಲು ಹತ್ತಿರವಾದಂತೆ ಆರೋಗ್ಯಸ್ವಾಮಿಯವರ ಮುಖ ಬಾಡಿತು. “ಬೇಡ ತಂಬಿ. ನನಗೋಸ್ಕರ ನಿನ್ ಕೆಲ್ಸಾನೂ ಹೋಗೋದು ಬೇಡ,” ಎಂದರು. ನಾನು ಫೇಡರ್ ಇಳಿಸಿದೆ. ಕೆಳಗೆ ಒಂದೇ ಒಂದು ದನಿ, “ಸೌಂಡ್!” ಎಂದಿತು. ಆಮೇಲೆ ಏನೂ ಇಲ್ಲ. ಸದ್ದನ್ನು ಮತ್ತೆ ಏರಿಸಲು ಆರೋಗ್ಯಸ್ವಾಮಿ ಕೈ ಚಾಚಿದರು. ನಾನು ಅವರ ಮುಂಗೈ ಹಿಡಿದುಕೊಂಡೆ. ಪರದೆಯ ಮೇಲೆ ಆ ಹೆಂಗಸು ಪಾತ್ರೆ ಒಡ್ಡಿದಳು, ಯಂತ್ರಮಾನವ ತಲೆ ಆಚೆ ತಿರುಗಿಸಿತು.

“ಯಾಕೋ, ಇಷ್ಟು ದಿನ ಇಂಗ್ಲಿಷ್ ಕಲಿಯಕ್ಕೆ ಹೋಗಿದ್ಯಾ?” ಸರೋಜಮ್ಮನ ದನಿ ಮೇಲೆದ್ದಿತು. “ಇಂಗ್ಲಿಷ್‌ನಲ್ಲಿ ಹೇಳಿದ್ರೆ ನಲ್ಲೀಲಿ ನೀರು ಬರ್ತದೇನೋ?”

“ನೋ ವಾಟರ್, ಮೇಡಂ!” ಎಂದ ಜಬ್ಬಾರ್.

ಆಮೇಲೆ ಕೆಳಗಿನಿಂದ ಎದ್ದ ನಗೆಯಲ್ಲಿ ನಮ್ಮ ಕ್ಯಾಬಿನ್ನಿನಲ್ಲಿ ಪ್ರೊಜೆಕ್ಟರಿನ ಸದ್ದೂ ಕೇಳಿಸಲಿಲ್ಲ. ಆರೋಗ್ಯಸ್ವಾಮಿ ಸಣ್ಣ ಕಿಟಕಿಗೆ ಹಣೆಯೊತ್ತಿ ನಿಂತು, ಬೆನ್ನು ಕುಲುಕುವಂತೆ ನಗುತ್ತಿದ್ದರು. ಕಣ್ಣೂ ಒರೆಸಿಕೊಂಡರು. ಮೂರನೇ ವಾರಕ್ಕೆ ಮಂದಿರ ಮತ್ತೆ ತುಂಬಿತು. ಬೆಳಗಿನ ಆಟವೂ ಉಳಿಯಿತು, ಅವರ ಕೆಲಸವೂ ಉಳಿಯಿತು.

ಇಷ್ಟಾದ ಮೇಲೆ, ಮೌನವೇ ಇದರ ಗುಟ್ಟು ಎಂದು ನಾನು ತೀರ್ಮಾನಿಸಬಹುದಿತ್ತು. ಅದನ್ನೂ ಪರೀಕ್ಷಿಸದೆ ಬಿಡಲಿಲ್ಲ. ಇನ್ನೊಂದು ಅಂತರಿಕ್ಷ ಚಿತ್ರ ಬಂದಾಗ ಒಂದು ಯುದ್ಧದ ದೃಶ್ಯದಲ್ಲಿ ಫೇಡರ್ ಇಳಿಸಿ ನೋಡಿದೆ. ಪರದೆಗೆ ಚಪ್ಪಲಿ ಬಿತ್ತು, ಮ್ಯಾನೇಜರಿಂದ ನನಗೆ ಮಂಗಳಾರತಿಯಾಯಿತು. ಆ ನಕ್ಷತ್ರಯುದ್ಧದಲ್ಲಿ ಹಲಸೂರಿನವರಿಗೆ ಹೇಳಿಕೊಳ್ಳಲು ಏನೂ ಇರಲಿಲ್ಲ. ಜನ ಒಂದು ಚಿತ್ರವನ್ನು ತಮ್ಮದಾಗಿಸಿಕೊಳ್ಳಬೇಕಾದರೆ ಅದರಲ್ಲಿ ಒಂದು ಬಿರುಕಿರಬೇಕು, ಆ ಬಿರುಕಿನಲ್ಲಿ ತುಂಬಲು ಜನರ ಬಳಿ ಮನೆಯಿಂದಲೇ ತಂದ ಮಾತೂ ಇರಬೇಕು. ಕಾಲಕ್ಕಿಂತ ಮುಂದಿದ್ದ ಚಿತ್ರವನ್ನು ನಾನು ಕಂಡಿಲ್ಲ. ನಾನು ಕಂಡದ್ದು, ಬೆಳಿಗ್ಗೆ ನೀರಿಗೆ ಜಗಳವಾಡಿ ಬಂದವರ ಪಕ್ಕದಲ್ಲೇ ಕುಳಿತ ಚಿತ್ರವನ್ನು. ಪ್ರೇಕ್ಷಕರಿಗೆ ಚಿತ್ರ ತೋರಿಸುವುದೇ ನನ್ನ ಕೆಲಸ ಎಂದು ಅಲ್ಲಿಯವರೆಗೆ ತಿಳಿದಿದ್ದೆ. ಕೆಲವೊಮ್ಮೆ ಅವರಿಗೆ ಜಾಗ ಬಿಟ್ಟು ಸುಮ್ಮನಿರುವುದೂ ಅದೇ ಕೆಲಸದ ಭಾಗ ಎಂದು ಕಲಿಸಿದ ಆ ಪ್ರೇಕ್ಷಕರಿಗೇ ನಾನು ಇಂದಿಗೂ ಋಣಿ.

ಎರಡು ವರ್ಷ ಕಳೆದು ಆರೋಗ್ಯಸ್ವಾಮಿ ಅವಧಿ ಪೂರೈಸಿ ನಿವೃತ್ತರಾದರು. ಅವರ ಕೊನೆಯ ಭಾನುವಾರ ಫೇಡರನ್ನು ಅವರ ಕೈಯಿಂದಲೇ ಇಳಿಸಿದೆವು. ದೃಶ್ಯದ ಕೊನೆಯಲ್ಲಿ ಯಂತ್ರಮಾನವ ಮನಸ್ಸು ಬದಲಿಸಿ ಒಂದು ಪಾತ್ರೆ ತುಂಬುತ್ತದೆ. ಆ ನೀರು ಯಾರದೆಂದು ಪ್ರತಿ ವಾರವೂ ದೊಡ್ಡ ಜಗಳ. ಅಂದು ಅವರ ಕೊನೆಯ ಆಟವೆಂದು ಎಲ್ಲರಿಗೂ ತಿಳಿದಿತ್ತು, ಜಗಳವಾಗಲಿಲ್ಲ. ಮಂದಿರದ ಜನವೆಲ್ಲ ಕತ್ತು ಹೊರಳಿಸಿ ನಮ್ಮ ಕಿಟಕಿಯತ್ತ ನೋಡಿತು. ಸರೋಜಮ್ಮ ಎದ್ದು ನಿಂತು ಕೂಗಿದಳು: “ದಾರಿ ಬಿಡ್ರೋ, ಮೇಲಿಂದ ಆರೋಗ್ಯಣ್ಣ ಇಳಿದು ಬರ್ತಾವ್ರೆ. ಇವತ್ತು ಮೊದಲನೇ ಕೊಡ ಅವ್ರದು!”